ಅಣ್ಣನ ಬೇಟೆ ಚಾಕಿಗೆ ಸ್ಟೀಲು

ಬೇಟೆಯೇ ಇಲ್ಲದ ಕಾಲದಲ್ಲಿ ಬೇಟೆ ಚಾಕು ಮಾಡಿಸುವ ಗಂಡಸರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಾಡುಹಂದಿ ತೋಟಕ್ಕೆ ನುಗ್ಗಿ ಕಾಫಿ ಗಿಡದ ಬುಡ ಅಗೆದು ಹಾಕಿದರೂ ಫಾರೆಸ್ಟಿನವರ ಕೇಸಿಗೆ ಹೆದರಿ ಡಬ್ಬ ಬಡಿದು ಓಡಿಸುವ ಜನ ಇವರು. ಹಾಗಿದ್ದೂ ಸೊಂಟಕ್ಕೊಂದು ಚಾಕು ಬೇಕು. ಅದಕ್ಕೆ ಕೊಂಬಿನ ಬಣ್ಣದ ಹಿಡಿ ಬೇಕು, ಹೊಲಿಗೆ ಹಾಕಿದ ಚರ್ಮದ ಒರೆ ಬೇಕು. ಸಿಕ್ಕಿಸಿಕೊಂಡು ಮಾಡುವುದೇನು? ಮೂಡಿಗೆರೆ ಪೇಟೆಯಲ್ಲಿ ಜೀಪು ನಿಲ್ಲಿಸಿ ರಸ್ಕಿನ ಪ್ಯಾಕೆಟ್ಟು ಕತ್ತರಿಸುವುದು. ಥೂ, ಹೇಳುವುದಕ್ಕೂ ಅಸಹ್ಯ.

ನನ್ನ ಅಣ್ಣ ಇಂಥವರಲ್ಲೇ ಮುಂದು. ಬಣಕಲ್ಲಿನಿಂದ ಒಳಗೆ ನಮ್ಮ ಅಪ್ಪನ ಕಾಲದ ತೋಟ ಇದೆ. ದೊಡ್ಡ ಮನೆಯಲ್ಲಿ ಅಣ್ಣ, ಅತ್ತಿಗೆ. ಅಂಗಳದ ಆಚೆ ಎರಡು ಕೋಣೆಯ ಒಂದು ಸಣ್ಣ ಮನೆ. ತೋಟದ ಲೆಕ್ಕ ಬರೆಯುವ ರೈಟರ್ ಹಿಂದೆ ಅದರಲ್ಲಿದ್ದರು, ಹಾಗಾಗಿ ಇವತ್ತಿಗೂ ಅದು ರೈಟರ್ ಮನೆ. ಅಲ್ಲಿರುವವಳು ನಾನು. ನನ್ನ ಗಂಡ ಮೂಡಿಗೆರೆಯಲ್ಲಿ ತೋಟದ ಹತಾರಗಳ ಅಂಗಡಿ ಇಟ್ಟಿದ್ದರು. ನೆರಳು ಮರದ ಕೊಂಬೆ ಸವರುವ ಮರಗಸಿ ಕತ್ತಿ, ಗಿಡ ಸವರುವ ಚಾಕು, ಕತ್ತರಿ, ಗರಗಸ ಎಲ್ಲ ಮಾರುತ್ತಿದ್ದೆವು, ಸಾಣೆಯನ್ನೂ ಹಿಡಿದು ಕೊಡುತ್ತಿದ್ದೆವು. ಅವರು ತೀರಿಕೊಂಡ ಮೇಲೆ ಬಾಡಿಗೆ ಅಂಗಡಿ ಬಿಟ್ಟುಕೊಟ್ಟು ಇಲ್ಲಿಗೆ ಬಂದೆ. ‘ರೈಟರ್ ಮನೆ ಖಾಲಿ ಬಿದ್ದಿದೆ, ಇದ್ದುಕೋ’ ಎಂದು ಅಪ್ಪ ಬಾಯಿಮಾತಲ್ಲಿ ಹೇಳಿ ತೀರಿಕೊಂಡ. ಆ ಮಾತೊಂದೇ ನನ್ನ ಆಧಾರ.

ಕೋರ್ಟಿಗೆ ಹೋದರೆ ಹೆಣ್ಣುಮಕ್ಕಳಿಗೂ ಪಾಲಿದೆ ಎಂದು ನೀವು ಹೇಳಬಹುದು. ನನಗೂ ಗೊತ್ತು. ಆದರೆ ಅಣ್ಣತಂಗಿ ಕೋರ್ಟಿನ ಬೆಂಚಿನ ಮೇಲೆ ಮುಖ ತಿರುಗಿಸಿ ಕೂತು ಮುದುಕರಾಗುವುದನ್ನು ಬೇಕಾದಷ್ಟು ನೋಡಿದ್ದೇನೆ. ನನಗೆ ಬೇಕಾಗಿದ್ದು ಆ ಎರಡು ಕೋಣೆ, ಒಂದು ಒಲೆ, ಯಾರ ಅಡುಗೆಮನೆಯ ಬಾಗಿಲಲ್ಲೂ ನಿಲ್ಲದೆ ಬದುಕುವುದು. ಅಷ್ಟೆ.

ಅಣ್ಣ ಹೋಂಸ್ಟೇ ಮಾಡಲು ಹೊರಟ ದಿನದಿಂದ ಆ ಎರಡು ಕೋಣೆಯ ಮೇಲೆ ಅವನ ಕಣ್ಣು ಬಿತ್ತು. ನೇರವಾಗಿ ಹೋಗು ಅನ್ನುವಷ್ಟು ಗಂಡಸುತನ ಇಲ್ಲ. ಅತ್ತಿಗೆ ಬಂದು ಬೆಣ್ಣೆಯಂಥ ದನಿಯಲ್ಲಿ, “ಒಬ್ರಿಗೇ ಯಾಕೆ ಬೇರೆ ಒಲೆ ಹಚ್ಕೊಂಡು ಹೊಗೆ ಕುಡಿತೀರ? ನಮ್ಮಲ್ಲೇ ಒಂದು ಮುಷ್ಟಿ ಅಕ್ಕಿ ಹೆಚ್ಚಿಗೆ ಹಾಕಿದ್ರಾಯ್ತು. ಮೇಲಿನ ಕೋಣೆ ಖಾಲಿ ಅದೆ” ಅನ್ನುವುದು. ಮೇಲಿನ ಕೋಣೆ ಅಂದರೆ ಕಾಳುಮೆಣಸಿನ ಮೂಟೆ ಇಡುವ ಅಟ್ಟ. ಅದರ ಮಾರನೆಯ ದಿನವೇ ಯಾರೋ ಬಂದು ನನ್ನ ಗೋಡೆಗೆ ಟೇಪು ಹಿಡಿದು ಅಳತೆ ತೆಗೆದುಕೊಂಡು ಹೋದ. ಬಚ್ಚಲು ಎಲ್ಲಿ ಬರಬೇಕು ಎಂದು ನನ್ನನ್ನೇ ಕೇಳಿದ!

ಈ ಒಲೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕುಟುಂಬದಲ್ಲಿ ಕಾಫಿ ಕುಯ್ಲು ಮುಗಿದ ಮೇಲೆ ಒಂದು ಭಾನುವಾರ ಎಲ್ಲರೂ ಸೇರಿ ಒಂದು ಹಂದಿ ಕಡಿಯುವುದುಂಟು. ಅಜ್ಜನ ಕಾಲದಲ್ಲಿ ಕಾಡಿನಿಂದ ಹೊತ್ತು ತರುತ್ತಿದ್ದರಂತೆ. ಈಗ ಸಾಕಿದ ಹಂದಿ, ದುಡ್ಡು ಕೊಟ್ಟು ತರುವುದು. ಆದರೆ ಕಾನೂನು ಮಾತ್ರ ಅಜ್ಜನ ಕಾಲದ್ದೇ. ಮಾಂಸವನ್ನು ಗುಡ್ಡೆ ಗುಡ್ಡೆಯಾಗಿ ಬಾಳೆಎಲೆಯ ಮೇಲೆ ಹಾಕುತ್ತಾರೆ, ಒಂದು ಒಲೆಗೆ ಒಂದು ಗುಡ್ಡೆ. ಮನೆಯಲ್ಲಿ ಹತ್ತು ಜನ ಇರಲಿ, ಒಬ್ಬರೇ ಇರಲಿ, ಬೇರೆ ಒಲೆ ಉರಿಯುತ್ತಿದ್ದರೆ ಬೇರೆ ಗುಡ್ಡೆ. ಯಾರ ಹೆಸರಿಗೆ ಗುಡ್ಡೆ ಬಿತ್ತೋ ಅವರು ಒಂದು ಮನೆ. ಬೀಳದಿದ್ದರೆ ಇನ್ನೊಬ್ಬರ ಮನೆಯ ನೆಂಟರು. ಗುಡ್ಡೆ ಹಾಕುವವರು ಹೆಸರು ಕೂಗುತ್ತಾರೆ, ಹಿರಿಯರು ‘ಸರಿ’ ಅನ್ನುತ್ತಾರೆ. ಆ ‘ಸರಿ’ ಬಿದ್ದ ಮೇಲೆ ನಮ್ಮವರಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ, ಆಸ್ತಿ ವಿಷಯದಲ್ಲೂ ಇಲ್ಲ.

ಗುಡ್ಡೆ ಹಾಕುವುದು ಯಾರು? ಹಂದಿ ಬಿಡಿಸಿದ ಚಾಕು ಯಾರದೋ ಅವರು. ಎರವಲು ಚಾಕು ನಡೆಯುವುದಿಲ್ಲ. ನಡುವೆ ಚಾಕು ಕೈಕೊಟ್ಟು ಬೇರೆ ಚಾಕು ಬಂದರೆ ಹಕ್ಕೂ ಆ ಚಾಕಿನವರಿಗೆ ಹೋಗುತ್ತದೆ. ಬೇಟೆಗೆ ಹೋದವರು ಕಾಡಿನಲ್ಲಿ ಪಾಲಿಗೆ ಹೊಡೆದಾಡಬಾರದು ಎಂದು ಯಾವ ಪುಣ್ಯಾತ್ಮ ಮಾಡಿದ ನಿಯಮವೋ. ಬಹಳ ಕಾಲ ಚಿಕ್ಕಪ್ಪನ ಚಾಕೇ ನಡೆಯಿತು. ಚಿಕ್ಕಪ್ಪ ಅಂದರೆ ಅಪ್ಪನ ತಮ್ಮ, ಈಗ ಉಳಿದಿರುವ ಒಬ್ಬರೇ ಹಿರಿಯರು. ನಾನು ಬಂದ ವರ್ಷದಿಂದಲೂ ಅವರು ನನಗೊಂದು ಗುಡ್ಡೆ ತಪ್ಪದೆ ಹಾಕಿದರು. ಹೋದ ವರ್ಷ ಗುಡ್ಡೆ ಹಾಕಿ ಮುಗಿಸುವಷ್ಟರಲ್ಲಿ ಅವರ ಕೈ ನಡುಗಲು ಶುರುವಾಯಿತು. “ಇನ್ನು ನಂಗಾಗಲ್ಲ, ಮುಂದಿನ ಸಲ ಯಾರಾದ್ರೂ ಚಾಕು ಹಿಡೀರಿ ಮಾರಾಯ್ರೆ” ಎಂದು ಜಗುಲಿಗೆ ಹೋಗಿ ಕೂತುಬಿಟ್ಟರು. ಅಣ್ಣನಿಗೆ ಬೇಟೆ ಚಾಕಿನ ಹುಚ್ಚು ಹಿಡಿದದ್ದು ಅಲ್ಲಿಂದಲೇ. ಅವನು ಯಾವ ಹಂದಿಯ ಮೇಲೆ ಕಣ್ಣಿಟ್ಟಿದ್ದಾನೆ ಎಂದು ನನಗೆ ತಿಳಿಯದೆ ಇರುತ್ತದೆಯೇ?

ಇಷ್ಟಾದರೂ ಮರ್ಯಾದೆಗೆಟ್ಟವನು ಸ್ಟೀಲು ಆರಿಸಲು ಬಂದದ್ದು ನನ್ನ ಹತ್ತಿರ! ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ತೊಳೆದ ಪಾರ್ಚ್‌ಮೆಂಟ್ ಕಾಫಿ ಬೀಜ ಒಣಗಲು ಹರಡಿಕೊಂಡು ಕೈಯಾಡಿಸುತ್ತಿದ್ದೆ. ಮೊಬೈಲು ಹಿಡಿದು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಸಕಲೇಶಪುರದ ಕಡೆ ಯಾರೋ ಒಬ್ಬ ಕೇಳಿದ ಹಾಗೆ ಚಾಕು ಮಾಡಿಕೊಡುತ್ತಾನಂತೆ. ಸ್ಟೀಲಿನ ಚಿತ್ರಗಳನ್ನು ಸಾಲಾಗಿ ಕಳಿಸಿದ್ದಾನೆ.

“ನೋಡೆ, ನಿಂಗಾದ್ರೆ ಗೊತ್ತಿರುತ್ತೆ. ಅಂಗಡೀಲಿ ಕೂತು ಕೈ ಸವೆಸಿದೀಯ. ಯಾವ್ದು ಹಾಕ್ಸಲಿ?” ಅಂದ.

ನನ್ನ ಗುಡ್ಡೆ ತಪ್ಪಿಸಲು ಬೇಕಾದ ಚಾಕಿಗೆ ನಾನೇ ಸ್ಟೀಲು ಹೇಳಬೇಕು! ಅವನ ಮುಖದಲ್ಲಿ ಒಂದು ಗೆರೆ ಆಚೀಚೆ ಆಗಿರಲಿಲ್ಲ. ಅಂಥ ನಾಚಿಕೆಯಿಲ್ಲದ ಮುಖವನ್ನು ಹತ್ತಿರದಿಂದ ನೋಡಿದರೆ ಸಿಟ್ಟು ಬರುವುದಿಲ್ಲ, ವಾಕರಿಕೆ ಬರುತ್ತದೆ. ಕೆಟ್ಟ ಸ್ಟೀಲು ಹೇಳಿ ಕಳಿಸಬಹುದಿತ್ತು. ಹೇಳಬೇಕು ಅಂತಲೂ ಅನ್ನಿಸಿತು. ಆದರೆ ಅಷ್ಟು ವರ್ಷ ಕೌಂಟರಿನ ಹಿಂದೆ ನಿಂತ ಬಾಯಿ ಇದು, ಹತಾರದ ವಿಷಯದಲ್ಲಿ ಸುಳ್ಳು ಹೇಳಲು ಒಪ್ಪಲಿಲ್ಲ. ಒಳ್ಳೆಯತನ ಎಂದು ತಿಳಿಯಬೇಡಿ, ಜಂಭ.

ಮೊದಲನೆಯದು ಫಳಫಳ ಹೊಳೆಯುವ ಸ್ಟೇನ್‌ಲೆಸ್. “ಇದು ತುಕ್ಕು ಹಿಡಿಯಲ್ಲ, ಸರಿ. ಆದ್ರೆ ಈ ಅಗ್ಗದ ಜಾತಿ ಬೇಗ ಮೊಂಡಾಗುತ್ತೆ. ಹಂದೀನ ಬೆಂಕೀಲಿ ಸುಟ್ಟು ಹೆರೀತೀವಲ್ಲ, ಆ ಚರ್ಮದಲ್ಲಿ ಮಸಿ, ಮರಳು ಎಲ್ಲ ಇರುತ್ತೆ. ಅರ್ಧ ಹಂದಿಗೆ ಇದರ ಕಥೆ ಮುಗೀತು” ಅಂದೆ. ಎರಡನೆಯದು ಬಹಳ ಗಟ್ಟಿಯ ಸ್ಟೀಲು, ಕಾರ್ಖಾನೆಯಲ್ಲಿ ತಗಡು ಕತ್ತರಿಸುವ ಅಚ್ಚಿಗೆ ಹಾಕುವಂಥದ್ದು. ಅಲಗಿನ ಬಾಯಿ ಚೆನ್ನಾಗಿ ನಿಲ್ಲುತ್ತದೆ, ಆದರೆ ಕೀಲಿಗೆ ಹಾಕಿ ತಿರುಚಿದರೆ ಚಕ್ಕೆ ಏಳುತ್ತದೆ, ನಮ್ಮ ಮನೆಯ ಕಲ್ಲಿನಲ್ಲಿ ಮಸೆಯಲೂ ಆಗುವುದಿಲ್ಲ. ಮೂರನೆಯದು ಮೈಮೇಲೆಲ್ಲ ನೀರಿನ ಅಲೆಯಂಥ ಚಿತ್ತಾರದ ಡಮಾಸ್ಕಸ್. ಅದನ್ನು ನೋಡುತ್ತಲೇ ಅಣ್ಣನ ಬಾಯಲ್ಲಿ ನೀರೂರುತ್ತಿತ್ತು. “ಒಳ್ಳೆ ಕೈಯವ್ರು ಮಾಡಿದ್ರೆ ಒಳ್ಳೇದೇ. ಈ ದರಕ್ಕೆ ಕೊಡ್ತಾನೆ ಅಂದ್ರೆ ಒಳಗೆ ಎಂಥ ಸೇರ್ಸಿದಾನೋ ದೇವರಿಗೇ ಗೊತ್ತು. ಚಿತ್ತಾರ ಕುಯ್ಯಲ್ಲ” ಅಂದೆ.

ಕೊನೆಗೆ ನಾನು ಹೇಳಿದ್ದು ಕಮಾನು ಪಟ್ಟಿಯ ಸ್ಟೀಲು, ಜೀಪಿನ ಅಡಿಯಲ್ಲಿ ಭಾರ ಹೊರುತ್ತದಲ್ಲ, ಆ ಜಾತಿಯದ್ದು. ಬಗ್ಗುತ್ತದೆ, ಮುರಿಯುವುದಿಲ್ಲ. ಮೊಂಡಾದರೆ ಕಲ್ಲಿಗೆ ನಾಲ್ಕು ಸಲ ಎಳೆದರೆ ಮತ್ತೆ ಬಾಯಿ ಬರುತ್ತದೆ. ನನ್ನ ಗಂಡ ನನಗೆ ಮಾಡಿಸಿಕೊಟ್ಟ ಚಾಕೂ ಅದರದ್ದೇ. ಕಪ್ಪಗೆ, ಕುರೂಪಿಯಾಗಿ, ಮಸೆದು ಮಸೆದು ಸಪೂರವಾಗಿ ಇವತ್ತಿಗೂ ಕೆಲಸ ಮಾಡುತ್ತಿದೆ. “ಒಂದೇ ಕಷ್ಟ. ನಮ್ಮ ಮಳೇಲಿ ತುಕ್ಕು ಹಿಡಿಯುತ್ತೆ. ಒರೆಸಿ ಎಣ್ಣೆ ಹಚ್ಚು. ಚರ್ಮದ ಒರೇಲಿ ಇಟ್ಟು ಮರೀಬೇಡ, ಚರ್ಮ ನೀರು ಕುಡಿಯುತ್ತೆ” ಎಂದು ಅದನ್ನೂ ಹೇಳಿದೆ.

ಅವನು ಮುಖ ಹುಳ್ಳಗೆ ಮಾಡಿಕೊಂಡರೂ ನನ್ನ ಮಾತೇ ಕೇಳಿದ. ಚಾಕು ಬಂತು. ಕೈಗೆತ್ತಿಕೊಂಡು ನೋಡಿದೆ. ಸಕಲೇಶಪುರದವನು ಕೆಲಸ ಬಲ್ಲವನು. ಸ್ಟೀಲು ಕಾಯಿಸಿ ತಣಿಸಿದ ಹದ ಸರಿಯಾಗಿತ್ತು, ಉಗುರಿನ ಮೇಲೆ ಇಟ್ಟರೆ ಜಾರದೆ ಕಚ್ಚುತ್ತಿತ್ತು. ಇನ್ನು ನನ್ನ ಒಲೆಗೆ ಗುಡ್ಡೆ ತಪ್ಪಿದ ಹಾಗೆಯೇ ಎಂದು ಮನಸ್ಸಿನಲ್ಲೇ ಅಂದುಕೊಂಡು ವಾಪಸ್ಸು ಕೊಟ್ಟೆ.

ಇಷ್ಟಕ್ಕೇ ಬಿಟ್ಟಿದ್ದರೆ ಅವನು ಗೆಲ್ಲುತ್ತಿದ್ದ. ಬಿಡುತ್ತಾನೆಯೇ! ಚಾಕು ನೋಡಲು ‘ಸಪ್ಪೆ’ ಇದೆ ಎಂದು ಯಾರೋ ವಾಟ್ಸಾಪಿನಲ್ಲಿ ಅಂದರಂತೆ. ಹೊರದೇಶದವನೊಬ್ಬ ಗಟ್ಟಿ ಕಾಫಿ ಕಾಯಿಸಿ ಅದರಲ್ಲಿ ಚಾಕು ಅದ್ದಿ ಚಿತ್ತಾರ ಎಬ್ಬಿಸುವ ವಿಡಿಯೋ ಇವನ ಕಣ್ಣಿಗೆ ಬಿತ್ತು. ಆ ಮನುಷ್ಯ ಅದ್ದಿದ್ದು ಲೋಟದಲ್ಲಿ. ನಮ್ಮ ಕಾಫಿ ಪ್ಲಾಂಟರಿಗೆ ಲೋಟ ಸಾಲುತ್ತದೆಯೇ? ಸೀದಾ ಪಲ್ಪಿಂಗ್ ಶೆಡ್ಡಿಗೆ ಹೋಗಿ, ಸಿಪ್ಪೆ ಸುಲಿದ ಹಣ್ಣುಕಾಫಿ ಲೋಳೆ ಬಿಡಲು ಹುಳಿಯುತ್ತಿದ್ದ ತೊಟ್ಟಿಗೆ ಚಾಕನ್ನು ದಾರ ಕಟ್ಟಿ ಇಳಿಬಿಟ್ಟ. “ಅವ್ರಿಗೆ ಪುಡಿ, ನಮಗೆ ಒರಿಜಿನಲ್!” ಎಂದು ತೋಟದ ಮೇಸ್ತ್ರಿಯ ಮುಂದೆ ಎದೆಯುಬ್ಬಿಸಿದನಂತೆ. ಆ ತೊಟ್ಟಿಯ ವಾಸನೆ ಗೊತ್ತಿದ್ದವರಿಗೆ ಬೇರೆ ಹೇಳಬೇಕಾಗಿಲ್ಲ. ಮೊದಲ ತೊಳೆತದ ಹುಳಿ ನೀರು, ಕೊಳೆತ ಲೋಳೆ, ಮೇಲೆ ಸೊಳ್ಳೆಯ ಹಿಂಡು. ಚಾಕು ರಾತ್ರಿಯಿಡೀ ಅದರಲ್ಲಿ ನೆನೆಯಿತು.

ಬೆಳಿಗ್ಗೆ ಮೇಲೆತ್ತಿದರೆ ಚಿತ್ತಾರವೂ ಇಲ್ಲ, ಮಣ್ಣೂ ಇಲ್ಲ. ಕಜ್ಜಿ ಹತ್ತಿದ ಹಾಗೆ ಕಪ್ಪು ಕಪ್ಪು ಮಚ್ಚೆ. ಬಾಯಿ ಮುಟ್ಟಿದರೆ ಮಜ್ಜಿಗೆ ಕಡೆಗೋಲು ಮುಟ್ಟಿದ ಹಾಗೆ. ಆಗಲಾದರೂ ನನ್ನ ಹತ್ತಿರ ತಂದಿದ್ದರೆ ಕಲ್ಲಿಗೆ ಹಾಕಿ ಸರಿ ಮಾಡಿಕೊಡುತ್ತಿದ್ದೆನೋ ಏನೋ, ಜಂಭಕ್ಕಾದರೂ. ತರಲಿಲ್ಲ. ಮೂಡಿಗೆರೆಯ ಯಾವುದೋ ಗ್ಯಾರೇಜಿಗೆ ಹೋಗಿ, ಕಬ್ಬಿಣದ ಗೇಟು ಉಜ್ಜುವ ಚಕ್ರಕ್ಕೆ ಹಿಡಿಸಿಕೊಂಡು ಬಂದ. ಹೊಳಪು ಬಂತು. ಬಾಯಿಯ ಉದ್ದಕ್ಕೂ ನವಿಲುಗರಿಯ ನೀಲಿಯೂ ಬಂತು.

ನಾನು ಅಂಗಡಿಯಲ್ಲಿ ಈ ನೀಲಿಯನ್ನು ಎಷ್ಟು ಕತ್ತಿಗಳ ಮೇಲೆ ನೋಡಿದ್ದೇನೋ ಲೆಕ್ಕವಿಲ್ಲ. ಚಕ್ರಕ್ಕೆ ಒತ್ತಿ ಹಿಡಿದರೆ ಕಬ್ಬಿಣ ಕಾಯುತ್ತದೆ. ನಡುನಡುವೆ ನೀರಿಗೆ ಅದ್ದದೆ ಕಾಯಿಸಿದರೆ ನೀಲಿ ತಿರುಗುತ್ತದೆ. ನೀಲಿ ಬಂತೆಂದರೆ ಹದ ಹೋಯಿತು. ಆಮೇಲೆ ಅದು ಎಂಥ ಸ್ಟೀಲಾದರೂ ಅಷ್ಟೆ, ತಟ್ಟೆ ಮಾಡುವ ತಗಡಿಗಿಂತ ಮೇಲಲ್ಲ. ಆದರೂ ಹಂದಿ ಕಡಿಯುವ ಭಾನುವಾರ ಬೆಳಿಗ್ಗೆ ಎಲ್ಲರೆದುರೇ ಅವನಿಗೆ ಹೇಳಿದೆ.

“ಅಣ್ಣ, ನೀಲಿ ಆಗಿದೆ ನೋಡು. ಬಾಯಿ ನಿಲ್ಲಲ್ಲ. ಇದನ್ನ ಹಿಡ್ಕೊಂಡು ಹಂದಿಗೆ ಇಳೀಬೇಡ.”

“ಅದು ಡಿಸೈನು ಕಣೇ” ಅಂದ. ಬಂದಿದ್ದ ದಾಯಾದಿಗಳೆಲ್ಲ ತಲೆಯಾಡಿಸಿದರು. ಒಬ್ಬ ಆ ನೀಲಿಯನ್ನು ಹತ್ತಿರದಿಂದ ಫೋಟೋ ಬೇರೆ ತೆಗೆದ.

ಆ ಭಾನುವಾರದ ನೋಟ ನೆನೆಸಿಕೊಂಡರೆ ಈಗಲೂ ಮೈ ಮುದುಡುತ್ತದೆ. ಪಾಪದ ಹಂದಿ, ದುಡ್ಡು ಕೊಟ್ಟು ಗೂಡ್ಸ್ ಆಟೋದಲ್ಲಿ ತಂದದ್ದು, ಸುಟ್ಟು ಹೆರೆದು ಬಾಳೆಎಲೆಯ ಮೇಲೆ ಮಲಗಿದೆ. ಅದರ ಮೇಲೆ ಒಂದು ಕಾಲಿಟ್ಟು, ತಲೆಗೆ ಹ್ಯಾಟು ಹಾಕಿಕೊಂಡು, ಚಾಕು ಎತ್ತಿ ಹಿಡಿದು ಅಣ್ಣ ನಿಂತ. ಹೋಂಸ್ಟೇ ಜಾಹೀರಾತಿಗಂತೆ. ಅಜ್ಜ ಕಾಡಿನಿಂದ ಹಂದಿ ಹೊತ್ತು ತಂದಾಗಲೂ ಅದರ ಮೇಲೆ ಕಾಲಿಟ್ಟವನಲ್ಲ, ಮುಟ್ಟಿ ಕೈಮುಗಿಯುತ್ತಿದ್ದ ಎಂದು ಚಿಕ್ಕಪ್ಪ ಜಗುಲಿಯಿಂದಲೇ ಗೊಣಗಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡಸರ ಕೈಯಲ್ಲೆಲ್ಲ ಮೊಬೈಲು. ಅಣ್ಣನ ಚಾಕಿನ ಎದುರು ತಮ್ಮದು ಯಾಕೆ ಎಂದು ಒಬ್ಬನಾದರೂ ಚಾಕು ತಂದಿರಲಿಲ್ಲ.

ಹೆಂಗಸರು ನಲ್ಲಿಯ ಹತ್ತಿರ ಕರುಳು ತೊಳೆಯುವುದು ನಮ್ಮಲ್ಲಿ ಪದ್ಧತಿ. ಅದಕ್ಕೆ ನನ್ನ ಚಾಕು ನನ್ನ ಬುಟ್ಟಿಯಲ್ಲಿತ್ತು. ಅಲ್ಲಿ ಕೂತು ನೋಡುತ್ತಲೇ ಇದ್ದೆ. ಅತ್ತಿಗೆ ಬಾಳೆಎಲೆ ತಂದು ಹಾಸಿದಳು. ನಾನು ಎಣಿಸಿದೆ. ಒಂದು ಎಲೆ ಕಡಿಮೆ. ನನ್ನ ಕಡೆ ತಿರುಗಿ, “ನೀವು ಸಂಜೆ ನಮ್ಮಲ್ಲೇ ಊಟಕ್ಕೆ ಬಂದ್ಬಿಡಿ, ಆಯ್ತಾ?” ಎಂದು ನಕ್ಕಳು. ಆ ನಗು ನೋಡಿ ಕೈಯಲ್ಲಿದ್ದ ಕರುಳೇ ವಾಸಿ ಅನ್ನಿಸಿತು.

ಅಣ್ಣ ಹೊಟ್ಟೆ ಸೀಳಿದ. ಅಷ್ಟಕ್ಕೆ ಎಂಥ ತಗಡೂ ಸಾಕು. ಬೆನ್ನಿನ ಚರ್ಮಕ್ಕೆ ಬಂದಾಗ ಚಾಕು ಜಾರಿತು. ಒತ್ತಿದ. ಇನ್ನೊಮ್ಮೆ ಜಾರಿತು. ಮುಂಗಾಲಿನ ಕೀಲಿಗೆ ಹಾಕಿ ತಿರುಚಿದ ನೋಡಿ, ಬಾಯಿ ಮಡಚಿಕೊಂಡೇ ಹೋಯಿತು. ಹಿಟ್ಟಿನ ರೊಟ್ಟಿಯ ಅಂಚು ಮಡಚುತ್ತದಲ್ಲ, ಹಾಗೆ. ಕಲ್ಲಿಗೆ ಎಳೆದ, ಪಿಂಗಾಣಿ ಬಸಿಯ ತಳಕ್ಕೆ ಎಳೆದ, ಬೆವರು ಸುರಿಸಿದ. ಮಾಂಸ ಕುಯ್ಯುವ ಬದಲು ಹರಿಯುತ್ತಿತ್ತು. ಹ್ಯಾಟು ಜಾರಿ ರಕ್ತಕ್ಕೆ ಬಿತ್ತು. ಮಚ್ಚು ತೆಗೆದುಕೊಂಡು ಕೊಚ್ಚಲು ಹೊರಟಾಗ ಚಿಕ್ಕಪ್ಪ ಎದ್ದು ಬಂದರು.

“ಮಚ್ಚು ಮೂಳೆಗೆ. ಪಾಲಿಗಲ್ಲ. ನಿನ್ ಚಾಕು ಮುಗೀತು. ಯಾರದ್ದಾದ್ರೂ ಸ್ವಂತ ಚಾಕು ಉಂಟಾ?”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತಿಗೆ ಒಳಗೆ ಓಡಿ ಬ್ರೆಡ್ಡು ಕುಯ್ಯುವ ಹಲ್ಲಿನ ಚಾಕು ತಂದಳು. ಚಿಕ್ಕಪ್ಪ ಅದನ್ನು ನೋಡಿದ ರೀತಿಗೆ ಹಾಗೆಯೇ ವಾಪಸ್ಸು ಹೋದಳು. ನಾನು ಕೈ ತೊಳೆದು, ಬುಟ್ಟಿಯಿಂದ ನನ್ನ ಚಾಕು ತೆಗೆದುಕೊಂಡು ಹೋಗಿ ಹಂದಿಯ ಪಕ್ಕ ಕೂತೆ.

“ಇವ್ಳಾ? ಹೆಂಗಸ್ರು ಹಿಡಿದದ್ದುಂಟಾ?” ಎಂದು ಅಣ್ಣ ದನಿ ಎತ್ತಿದ.

“ಚಾಕಿಗೆ ಹೆಂಗಸು ಗಂಡಸು ಅಂತ ಯಾರೂ ನಂಗೆ ಹೇಳಿಲ್ಲ. ನಿಂಗೆ ಹೇಳಿದಾರಾ?” ಎಂದು ಚಿಕ್ಕಪ್ಪ ಕೇಳಿದರು.

ನಾನು ಮೊದಲು ಒಂದು ಎಲೆ ತರಿಸಿ ಹಾಸಿದೆ. ಆಮೇಲೆ ಬಿಡಿಸಿದೆ. ತೊಡೆ, ಬೆನ್ನು, ಪಕ್ಕೆ, ಕೊಬ್ಬು ಎಲ್ಲವನ್ನೂ ಎಲ್ಲ ಎಲೆಗೂ ಸಮನಾಗಿ ಹಾಕಿದೆ. ಅಣ್ಣ ಹರಿದು ಹಾಳು ಮಾಡಿದ ಮುಂಗಾಲಿನ ಮಾಂಸವನ್ನು ಅವನ ಗುಡ್ಡೆಗೇ ಹಾಕುವ ಆಸೆ ಬಹಳ ಇತ್ತು. ಹಾಕಲಿಲ್ಲ, ಅದನ್ನೂ ಹಂಚಿದೆ. ಮುಗಿದ ಮೇಲೆ ಒಂದೊಂದು ಗುಡ್ಡೆ ಮುಟ್ಟಿ ಯಾರ ಒಲೆಗೆ ಎಂದು ಕೂಗಿದೆ. ಪ್ರತಿ ಸಲ ಚಿಕ್ಕಪ್ಪ ‘ಸರಿ’ ಅಂದರು. ಕೊನೆಯ ಎಲೆ ಉಳಿಯಿತು. ಅದರ ಮೇಲೆ ಕೈ ಇಟ್ಟೆ.

“ಇದು ರೈಟರ್ ಮನೆ ಒಲೆಗೆ” ಅಂದೆ.

ಅಣ್ಣ ಬಾಯಿ ತೆರೆದ. ಅವನು ಮಾತು ಶುರು ಮಾಡುವ ಮೊದಲೇ ಚಿಕ್ಕಪ್ಪ, “ಸರಿ. ಎಲ್ರೂ ಕೇಳಿಸ್ಕೊಂಡ್ರಲ್ಲ?” ಅಂದರು. ಕೇಳಿಸಿಕೊಂಡಿದ್ದರು.

ನೆಂಟರೆಲ್ಲ ಹೊರಟ ಮೇಲೆ, ಇನ್ನೂ ಬೆಳಕಿರುವಾಗಲೇ ಅಣ್ಣ ನನ್ನ ಬಾಗಿಲಿಗೆ ಬಂದ. ಹ್ಯಾಟಿಲ್ಲ, ಕೈಯಲ್ಲಿ ಆ ಚಾಕು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಎರಡು ಮಾತಾದರೂ ಆಡುತ್ತಾನೆ, ತಪ್ಪಾಯ್ತು ಅನ್ನದಿದ್ದರೂ ತಲೆಯಾದರೂ ತಗ್ಗಿಸುತ್ತಾನೆ ಅಂದುಕೊಂಡೆ. ಎಲ್ಲಿಯ ಮಾತು.

“ಇದಕ್ಕೆ ವಾಪಸ್ ಹದ ಹಾಕಕ್ಕಾಗುತ್ತಾ? ಇಲ್ಲಾಂದ್ರೆ ಮುಂದಿನ ವರ್ಷಕ್ಕೆ ಹೊಸದೇ ಮಾಡಿಸ್ತೀನಿ. ಯಾವ ಸ್ಟೀಲು ಹಾಕ್ಸಲಿ, ಹೇಳು” ಅಂದ.

ನನಗೆ ನಗುವೂ ಬಂತು, ಉಗಿಯಬೇಕು ಅಂತಲೂ ಅನ್ನಿಸಿತು.

“ಯಾವ್ದಾದ್ರೂ ಹಾಕ್ಸಣ್ಣ, ಹೊಳೆಯೋದೇ ಹಾಕ್ಸು. ಮುಂದಿನ ವರ್ಷ ಹಂದಿ ಬಿಡಿಸೋದು ನಾನು. ನಿಂದು ಫೋಟೋಕ್ಕೆ ತಾನೆ” ಅಂದೆ.

ಹೋಗುತ್ತಾನೆ ಅಂದುಕೊಂಡರೆ ಹೋಗಲಿಲ್ಲ. ಮೂಗು ಅರಳಿಸಿ ಒಳಗೆ ಇಣುಕಿದ. ದೊಡ್ಡ ಮನೆಯಲ್ಲಿ ಅತ್ತಿಗೆ ತಲೆನೋವು ಎಂದು ಮಲಗಿದ್ದಳಂತೆ, ಅವರ ಗುಡ್ಡೆ ಇನ್ನೂ ಎಲೆಯಲ್ಲೇ ಇತ್ತಂತೆ. “ಬೆಂದಿದ್ಯಾ? ಒಂದು ತುಂಡು ಕೊಡು, ಉಪ್ಪು ನೋಡ್ತೀನಿ” ಅಂದ. ಇಡೀ ದಿನ ಈ ಒಲೆಯೇ ಇಲ್ಲ ಎಂದು ಸಾಧಿಸಲು ಹೊರಟ ಬಾಯಿ ಅದೇ.

ಮಣೆ ಹಾಕಿ ತಟ್ಟೆ ಇಟ್ಟೆ. “ಕೂತ್ಕೋ. ಒಲೆ ಮುಂದೇನೇ ಕೂತು ತಿನ್ನು. ಆಮೇಲೆ ಹೋಗಿ ಅತ್ತಿಗೆಗೆ ಹೇಳು, ಯಾರ ಮನೇಲಿ ಉಂಡು ಬಂದೆ ಅಂತ.”

ಕೂತ. ತಿಂದ. ಕೈ ನೆಕ್ಕಿಕೊಂಡು ಎರಡನೇ ಸಲವೂ ಹಾಕಿಸಿಕೊಂಡ.